ಖಾಲಿ ಅಟ್ಟದ ಕಾವಲು

ಮಾನ್ಯರೇ,

ಮೂರು ವರ್ಷದಿಂದ ನಾನೂ ನನ್ನ ಗಂಡನೂ ಗಂಡ ಹೆಂಡತಿಯಲ್ಲ. ಇದನ್ನು ಅತ್ತೆಯಿಂದ, ನನ್ನ ತವರಿನಿಂದ, ಹಾಲಿನ ಡೈರಿಯ ಮುಂದೆ ಸೇರುವ ಬಾಯಿಗಳಿಂದ ಮುಚ್ಚಿಟ್ಟಿದ್ದೆವು. ಎಷ್ಟು ಚೆನ್ನಾಗಿ ಮುಚ್ಚಿಟ್ಟೆವೆಂದರೆ, ಈಗ ಅದು ನಿಜವೆಂದು ತೋರಿಸಲು ನಮ್ಮ ಬಳಿ ನೀವು ಒಪ್ಪುವಂಥ ಒಂದು ಸಾಕ್ಷಿಯೂ ಇಲ್ಲ. ಇಬ್ಬರೂ ಒಪ್ಪಿ, ಇಬ್ಬರೂ ಜೊತೆಯಾಗಿ ಬಂದು, ನಮ್ಮನ್ನು ಬಿಡಿಸಿ ಎಂದು ಕೋರ್ಟಿನಲ್ಲಿ ನಿಮ್ಮ ಕಿಟಕಿಯ ಮುಂದೆ ಎರಡು ಸಲ ನಿಂತೆವು. ಎರಡು ಸಲವೂ ಅರ್ಜಿ ತೆಗೆದುಕೊಳ್ಳದೆ ಕಳಿಸಿದಿರಿ. ಹೊಡೆದಾಡಿಕೊಂಡವರಿಗೆ ತೆರೆಯುವ ಬಾಗಿಲು, ಹೊಡೆದಾಡದೆ ಬಂದವರಿಗೆ ಯಾಕೆ ತೆರೆಯುವುದಿಲ್ಲ ಎಂದು ಕೇಳಲು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಯಾವ ಊರಿನ ಕೋರ್ಟು ಎಂದೂ ಬರೆಯುವುದಿಲ್ಲ. ಅರ್ಜಿ ಕೊಡುವ ಕಿಟಕಿ ಎಲ್ಲ ಊರಿನಲ್ಲೂ ಒಂದೇ ಎತ್ತರದಲ್ಲಿರುತ್ತದೆ. ಹೊರಗೆ ನಿಂತವರು ಬಗ್ಗಲೇಬೇಕು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಡತನಕ್ಕೆ ಬಿಟ್ಟೆ ಎಂದು ಬರೆದರೆ ಓದುವವರಿಗೆ ಮರುಕ ಬರಬಹುದು, ಆದರೆ ಅದು ಸುಳ್ಳು. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಆಮೇಲೆ ನಾರಿನ ಕಾರ್ಖಾನೆ ಸೇರಿದೆ, ಬಿಟ್ಟೆ. ಮೊಬೈಲ್ ಅಂಗಡಿ ಸೇರಿದೆ, ಅದನ್ನೂ ಬಿಟ್ಟೆ. ಈಗ ಪೆಟ್ರೋಲ್ ಬಂಕಿನಲ್ಲಿದ್ದೇನೆ. 'ಇವಳ ಕಾಲಿಗೆ ಚಕ್ರ ಕಟ್ಟವ್ರೆ, ಒಂದ್ ಮದ್ವೆ ಮಾಡಿದ್ರೆ ನಿಂತ್ಕೋತಾಳೆ' ಎಂದುಕೊಂಡು ಅಪ್ಪ ನನ್ನನ್ನು ಕೆಂಕೆರೆಯಿಂದ ಬಿಳಿಗೆರೆ ಪಕ್ಕದ ತೋಟದವರ ಮನೆಗೆ ಕೊಟ್ಟ. ಹುಡುಗ ಯೋಗೀಶ್. ತೆಂಗಿನ ತೋಟ, ಎರಡು ಹಸು, ವಿಧವೆ ತಾಯಿ. ಕುಡಿಯುವುದಿಲ್ಲ, ಬೈಯುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಷ್ಟವೆಲ್ಲ ಶುರುವಾದದ್ದು ಅವನ ಈ ಒಳ್ಳೆಯತನದಿಂದಲೇ.

ಮದುವೆಯಾದ ಮೊದಲ ವರ್ಷ ಮುಗಿಯುವ ಹೊತ್ತಿಗೆ, ಒಂದು ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅವನು ಬಂದು ತಂತಿಯ ಆಚೆ ನಿಂತ.

'ನಿನ್ ಮೇಲೆ ನಂಗೆ ಕೋಪ ಇಲ್ಲ ಕಣೇ. ಮನೆಗ್ ಬರಾಕೆ ಮನಸಾಗಲ್ಲ, ಅಷ್ಟೇ' ಎಂದ.

ನಾನು ಅಳಬೇಕಾಗಿತ್ತು. ತಲೆಯ ಮೇಲಿನ ಮೂಟೆ ಇಳಿದ ಹಾಗಾಗಿ ನಕ್ಕುಬಿಟ್ಟೆ. 'ನಂಗೂ ಅಂಗೇ. ನೀನ್ ಬಂದ್ರೆ ಯಾರೋ ನೆಂಟ್ರು ಬಂದಂಗ್ ಆಯ್ತದೆ. ಎದ್ದು ಸೀರೆ ಸರಿ ಮಾಡ್ಕೋತೀನಿ' ಎಂದೆ. ಅವನೂ ನಕ್ಕ. ಆ ಮನೆಯಲ್ಲಿ ನಾವಿಬ್ಬರೂ ಆಡಿದ ಮೊದಲ ನಿಜವಾದ ಮಾತು ಅದು. ಬಸ್ಸಿನಲ್ಲಿ ಪಕ್ಕಪಕ್ಕ ಕೂತವರು ದಾರಿಯುದ್ದಕ್ಕೂ ಒಳ್ಳೆಯವರಾಗೇ ಇರಬಹುದು. ಹಾಗೆಂದು ಒಂದೇ ಊರಿನಲ್ಲಿ ಇಳಿಯಬೇಕೆಂದೇನೂ ಇಲ್ಲವಲ್ಲ.

ಮಾರನೆಯ ದಿನದಿಂದ ಅವನು ತೋಟದ ಮನೆಯಲ್ಲಿ ಮಲಗತೊಡಗಿದ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು, ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಕೊಬ್ಬರಿಗೆಂದು ಬಿಟ್ಟ ಕಾಯಿಯನ್ನು ಅಟ್ಟಕ್ಕೆ ತುಂಬಿದರೆ ವರ್ಷದ ಹತ್ತಿರ ಮುಟ್ಟುವ ಹಾಗಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿಯೇ ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ತನಕ ಅದು ಅಲ್ಲೇ ಇರಬೇಕು. ನಮ್ಮ ಹಾಗೆ ಅಟ್ಟ ತೋಟದಲ್ಲಿದ್ದರೆ ಕಳ್ಳರ ಕಾಟಕ್ಕೆ ಮನೆಯ ಗಂಡಸೊಬ್ಬ ಅಲ್ಲೇ ಮಲಗಬೇಕು. ಬೇರೆ ಕಡೆ ಗಂಡ ರಾತ್ರಿ ಮನೆಯಲ್ಲಿಲ್ಲ ಎಂದರೆ ನೂರು ಪ್ರಶ್ನೆ ಏಳುತ್ತವೆ. ನಮ್ಮಲ್ಲಿ 'ಕೊಬ್ಬರಿ ಕಾಯ್ತಾವ್ನೆ' ಎಂದರೆ ಮುಗಿಯಿತು. ಜವಾಬ್ದಾರಿ ಇರೋ ಹುಡುಗ ಎಂಬ ಹೆಸರೂ ಜೊತೆಗೆ ಬರುತ್ತದೆ. ಹಾಗೆ ನಮ್ಮ ಮದುವೆ ಮುಗಿದದ್ದು ಯಾರಿಗೂ ಕಾಣಲಿಲ್ಲ. ಬೆಳಗ್ಗೆ ಬಂದು ತಿಂಡಿ ತಿನ್ನುತ್ತಿದ್ದ, ಹಸು ನೋಡುತ್ತಿದ್ದ, ಹಬ್ಬದಲ್ಲಿ ನನ್ನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಕತ್ತಲಾದರೆ ಟಾರ್ಚು ಹಿಡಿದು ತೋಟಕ್ಕೆ ಹೋಗುತ್ತಿದ್ದ.

ಹೀಗೇ ಇದ್ದುಬಿಡಬಹುದಾಗಿತ್ತು, ನಮ್ಮ ಅತ್ತೆ ಲಕ್ಷ್ಮಿದೇವಮ್ಮ ಮೊಮ್ಮಗುವಿಗಾಗಿ ಸೋಮವಾರ ಉಪವಾಸ ಹಿಡಿಯದಿದ್ದರೆ. ಅವರಿಗೆ ಸಕ್ಕರೆ ಕಾಯಿಲೆ. ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದರು, ನಾನು ಹೇಳಿದೆ, ಮಗ ಹೇಳಿದ. 'ನೀವ್ ತರೋದು ತಂದ್ರೆ ನಾನ್ ಬಿಡೋದು ಬಿಡ್ತೀನಿ' ಎಂದರು. ಈ ವರ್ಷ ಒಂದು ಸೋಮವಾರ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಾ ಹಸುವಿನ ಕಾಲ ಬಳಿಯೇ ಬಿದ್ದರು. ನಾನು ತಲೆ ಎತ್ತಿ ಹಿಡಿದೆ, ಯೋಗೀಶ ಎಳನೀರು ಕೆತ್ತಿ ಬಾಯಿಗೆ ಬಿಟ್ಟ. ಕಣ್ಣು ಬಿಟ್ಟವರು ನಮ್ಮಿಬ್ಬರನ್ನೂ ಹತ್ತಿರ ಹತ್ತಿರ ನೋಡಿ ನಕ್ಕರು. ನಮಗೆ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಎಂದೂ ಹುಟ್ಟದ ಮಗುವಿಗಾಗಿ ಒಂದು ಮುದಿ ಜೀವ ಹಸಿದಿರುವುದನ್ನು ನೋಡುತ್ತಾ ಎಷ್ಟು ದಿನ ಅಭಿನಯ ಮಾಡುವುದು? ಕಾನೂನು ಪ್ರಕಾರವೇ ಬಿಡಿಸಿಕೊಂಡು, ಕಾಗದ ಕೈಗೆ ಬಂದ ಮೇಲೆ ಅವರಿಗೆ ಹೇಳೋಣ ಎಂದು ಅಂದೇ ತೀರ್ಮಾನಿಸಿದೆವು. ಮೊದಲೇ ಹೇಳಿದರೆ ರಾಜಿ, ಪಂಚಾಯ್ತಿ, ದೇವರ ಆಣೆ ಎಂದು ನೆಂಟರು ಸೇರಿಕೊಳ್ಳುತ್ತಾರೆ ಎಂಬ ಹೆದರಿಕೆ ಇತ್ತು.

ಅದಕ್ಕೂ ಹಿಂದೆ ನಮ್ಮ ಪಂಚಾಯ್ತಿಯಲ್ಲಿ ಕಾನೂನು ಅರಿವು ಶಿಬಿರ ನಡೆದಿತ್ತು. ಕರಿ ಕೋಟಿನವರೊಬ್ಬರು ಮೈಕ್ ಹಿಡಿದು, ಯಾರು ಬೇಕಾದರೂ ತಮ್ಮ ಅರ್ಜಿಯನ್ನು ತಾವೇ ಸಲ್ಲಿಸಬಹುದು, ತಮ್ಮ ಮಾತನ್ನು ತಾವೇ ಹೇಳಬಹುದು, ವಕೀಲರು ಇರಲೇಬೇಕು ಎಂದೇನಿಲ್ಲ ಎಂದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಅವರ ಮಾತನ್ನು ನಂಬಿದ್ದು ನನ್ನ ಮೊದಲ ತಪ್ಪೇ? ವೇದಿಕೆಯ ಮೇಲಿನ ಕಾನೂನು ಬೇರೆ, ಕಿಟಕಿಯ ಕಾನೂನು ಬೇರೆ ಎಂದು ಕೊನೆಗೆ ವಂದನಾರ್ಪಣೆ ಮಾಡುವವರಾದರೂ ಹೇಳಬಹುದಿತ್ತು.

ನಾವೇ ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರೂ ಸಹಿ ಮಾಡಿ, ಅವನ ಬೈಕಿನಲ್ಲಿ ನಿಮ್ಮ ಬಳಿ ಬಂದೆವು. ಅಂದಿನ ಮಾತು ನಿಮಗೆ ಮರೆತಿರಬಹುದು. ನನಗೆ ಮರೆತಿಲ್ಲ.

'ಲಾಯರ್ ಯಾರಮ್ಮಾ?' ಎಂದಿರಿ.

'ಇಲ್ಲ ಸಾರ್, ನಾವೇ.'

'ನಾವೇ ಅಂದ್ರೆ?'

'ಮದ್ವೆ ಆಗಿರೋರೂ ನಾವೇ, ಬಿಡೋರೂ ನಾವೇ ಸಾರ್.'

ಒಳಗೆ ಯಾರೋ ನಕ್ಕರು. ನೀವು ಅರ್ಜಿಯನ್ನು ಓದದೆ ಮಗುಚಿ ಇಟ್ಟು, 'ಎಷ್ಟು ದಿನದಿಂದ ಬೇರೆ ಇದೀರಿ?' ಎಂದಿರಿ. ಮೂರು ವರ್ಷ ಎಂದೆ. ನಿಮ್ಮ ಕಣ್ಣು ನನ್ನ ಕೈಯಲ್ಲಿದ್ದ ಹೆಲ್ಮೆಟ್ಟಿನ ಮೇಲೆ ಬಿತ್ತು.

'ಹೆಂಗ್ ಬಂದ್ರಿ ಇಲ್ಲಿಗೆ?'

'ಇವ್ನ ಗಾಡೀಲಿ ಸಾರ್.'

'ಇಬ್ರೂ ಒಂದೇ ಗಾಡೀಲಿ?' ಎಂದು ಹಿಂದಕ್ಕೆ ತಿರುಗಿ, 'ನೋಡ್ರಪ್ಪಾ, ಡೈವೋರ್ಸಿಗೆ ಜೋಡಿ ಬಂದೈತೆ, ಹನಿಮೂನಿಗೆ ಬಂದಂಗೆ' ಎಂದಿರಿ. ಆಮೇಲೆ ನಮ್ಮ ರೇಷನ್ ಕಾರ್ಡು ನೋಡಿದಿರಿ, ಒಂದೇ. ಆಧಾರ್ ವಿಳಾಸ ನೋಡಿದಿರಿ, ಒಂದೇ. ಒಂದು ವರ್ಷ ಬೇರೆ ಬಾಳಿದ್ದಕ್ಕೆ ಪುರಾವೆ ತನ್ನಿ, ಲಾಯರ್ ಇಟ್ಟುಕೊಂಡು ಬನ್ನಿ, ಹೋಗಿ ಎಂದಿರಿ.

ಸ್ವಾಮೀ, ನಮ್ಮೂರಿಂದ ಅಲ್ಲಿಗೆ ಆ ಹೊತ್ತಿಗೆ ಬಸ್ಸಿಲ್ಲ, ಅದಕ್ಕೇ ಒಂದೇ ಗಾಡಿಯಲ್ಲಿ ಬಂದೆವು. ನಾವು ಮುಖ ತಿರುಗಿಸಿಕೊಂಡು ಎರಡು ಆಟೋದಲ್ಲಿ ಬಂದಿದ್ದರೆ ನಂಬುತ್ತಿದ್ದಿರಾ? ನನ್ನ ತಲೆಗೆ ಬ್ಯಾಂಡೇಜು ಇದ್ದಿದ್ದರೆ? ಬಿಟ್ಟುಹೋಗುವವರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟರೆ ಅದು ಅನುಮಾನಕ್ಕೆ ಕಾರಣವೇ? ಮದುವೆಯ ದಿನ ಅವನೂ ನಾನೂ ಒಂದು ಮಾತೂ ಆಡಿರಲಿಲ್ಲ, ಬೇರೆ ಬೇರೆ ವಾಹನದಲ್ಲಿ ಬಂದಿದ್ದೆವು. ಅಂದು ಯಾರೂ ಪುರಾವೆ ಕೇಳಲಿಲ್ಲ.

ಹೊರಗೆ ವಕೀಲರೊಬ್ಬರನ್ನು ಕೇಳಿದೆವು. ಅವರು ಹೇಳಿದ ಫೀಸು ಎಷ್ಟೆಂದು ಬರೆಯುವುದಿಲ್ಲ. ನಮ್ಮ ಅಟ್ಟದ ಕೊಬ್ಬರಿಯಲ್ಲಿ ಅರ್ಧ ಎಂದರೆ ಈ ಕಡೆಯವರಿಗೆ ಅರ್ಥವಾಗುತ್ತದೆ. ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ ಎಂದು ನೀವೇ ಹೇಳಿದಿರಿ, ಅದು ನಿಜ, ಒಳ್ಳೆಯದೂ ಹೌದು. ಆ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಇದ್ದವಳ ಕೈಗೆ ಪಟ್ಟಿ ಕಟ್ಟಿತ್ತು, ಸೊಂಟದಲ್ಲಿ ಮಗು. ಅವಳಿಗೆ ಸಿಗಬೇಕಾದ ಹೊತ್ತನ್ನು, ಒಂದು ಗೀರೂ ಬೀಳದ ನಾನು ಯಾಕೆ ತಿನ್ನಲಿ ಎಂದು ಸಾಲಿನಿಂದ ಈಚೆ ಬಂದೆ. ನಮ್ಮದು ವಾದವೇ ಇಲ್ಲದ ಕೇಸು. ನಮಗೆ ಬೇಕಾದದ್ದು ವಕೀಲರ ಬಾಯಿಯಲ್ಲ, ನಿಮ್ಮ ಕಿವಿ.

ಕೋರ್ಟಿನ ಕಾಂಪೌಂಡಿನ ಆಚೆ ಹೊಂಗೆ ಮರದ ಕೆಳಗೆ ಸದಾಶಿವಯ್ಯ ಎಂಬ ಟೈಪಿಸ್ಟರು ಕೂರುತ್ತಾರೆ. ಕಡಿಮೆಯಲ್ಲಿ ಮಾಡಿಕೊಡುತ್ತೇನೆ ಎಂದು ಅವರೇ ಕರೆದರು.

'ಗಂಡ ಕುಡೀತಾನೇನಮ್ಮಾ?'

'ಇಲ್ಲ.'

'ಹೊಡೀತಾನಾ?'

'ಇಲ್ಲ.'

'ಇನ್ಯಾರ್ನಾದ್ರೂ ಮಡಗಿದಾನಾ?'

'ಇಲ್ಲ.'

ಸದಾಶಿವಯ್ಯ ಕನ್ನಡಕ ಇಳಿಸಿ ಯೋಗೀಶನನ್ನು ನೋಡಿದರು. 'ಏನಪ್ಪಾ ನೀನು! ಒಂದಾದ್ರೂ ಮಾಡ್ಬಾರ್ದಾ? ನೀನ್ ಏನೂ ಮಾಡ್ದಿದ್ರೆ ನಾನ್ ಏನಂತ ಟೈಪ್ ಮಾಡ್ಲಿ?'

ಆಮೇಲೆ ಅವರು ದಾರಿ ಹೇಳಿಕೊಟ್ಟರು. ಇಬ್ಬರೂ ಒಪ್ಪಿ ಬಂದರೆ ಒಂದು ವರ್ಷದ ಪುರಾವೆ ಬೇಕು. ಅದರ ಬದಲು ನಾನೊಬ್ಬಳೇ ಗಂಡನ ಮೇಲೆ ಹಿಂಸೆಯ ಕೇಸು ಹಾಕಬೇಕು, ಅವನು ನೋಟಿಸು ಬಂದರೂ ಕೋರ್ಟಿನ ಕಡೆ ತಲೆ ಹಾಕಬಾರದು. ಎದುರಾಳಿಯೇ ಇಲ್ಲದ ಮೇಲೆ ಬೇಗ ತೀರ್ಪು ಬರುತ್ತದೆ. ಅವರ ಕಂಪ್ಯೂಟರಿನಲ್ಲಿ ಹಾಳೆ ಸಿದ್ಧವಿತ್ತು, ಹೆಸರು ಹಾಕುವುದಷ್ಟೇ ಬಾಕಿ. ಯೋಗೀಶ ಬಗ್ಗಿ ಓದಿದ: 'ಎದುರುದಾರನು ಮದ್ಯವ್ಯಸನಿಯಾಗಿದ್ದು ಅರ್ಜಿದಾರಳನ್ನು ದಿನನಿತ್ಯ ಅವಾಚ್ಯ ಶಬ್ದಗಳಿಂದ ನಿಂದಿಸಿ...' ಓದುತ್ತಾ ಓದುತ್ತಾ ಅವನ ಕಿವಿ ಕೆಂಪಾಯಿತು. ಆದರೂ, 'ಹಾಕ್ಸು ಕಣೇ. ಹೋದ್ರೆ ಹೋಗ್ಲಿ ಹೆಸ್ರು. ನಾನೇನ್ ಎಲೆಕ್ಷನ್ನಿಗೆ ನಿಂತ್ಕೋಬೇಕಾ?' ಎಂದ.

ನಾನು ಹಾಕಿಸಲಿಲ್ಲ. ಅವನ ಮೇಲಿನ ಕರುಣೆಗಲ್ಲ. ಆ ಹಾಳೆ, ಉಚಿತ ವಕೀಲರ ಸಾಲಿನಲ್ಲಿ ನನ್ನ ಮುಂದಿದ್ದವಳದ್ದು. ಅದರಲ್ಲಿರುವ ಒಂದೊಂದು ಸಾಲಿಗೂ ಎಲ್ಲೋ ಒಬ್ಬಳು ನಿಜವಾಗಿ ಏಟು ತಿಂದಿದ್ದಾಳೆ. ಅವಳ ಏಟನ್ನು ಕದ್ದು ನನ್ನ ಮೈಮೇಲೆ ಅಂಟಿಸಿಕೊಳ್ಳಲೇ? ನನ್ನಂಥ ಹತ್ತು ಜನ ಸುಳ್ಳು ಬರೆಸಿದ ಮೇಲೆ, ಹನ್ನೊಂದನೆಯವಳು ನಿಜ ಹೇಳುತ್ತಾ ನಿಂತಾಗ ನೀವು ಅವಳನ್ನು ಯಾವ ಕಣ್ಣಿನಲ್ಲಿ ನೋಡುತ್ತೀರಿ? ಇದನ್ನು ಸದಾಶಿವಯ್ಯನವರಿಗೆ ಹೇಳಿದಾಗ ಅವರು, 'ಇಷ್ಟ್ ನಿಯತ್ತಿರೋರು ಕೋರ್ಟಿಗ್ ಬರ್ಬಾರ್ದು ಕಣಮ್ಮ' ಎಂದರು. ಅವರು ಕೆಟ್ಟವರಲ್ಲ. ನಿಮ್ಮ ಕಿಟಕಿಯಲ್ಲಿ ಯಾವ ಹಾಳೆ ನಡೆಯುತ್ತದೋ ಅದನ್ನು ಅವರು ಟೈಪು ಮಾಡುತ್ತಾರೆ.

ಕೋರ್ಟಿನ ಬಳಿ ನಮ್ಮನ್ನು ಕಂಡು ವಿಷಯ ತಿಳಿದ ನಮ್ಮೂರಿನ ಹಿರಿಯ ದೊಡ್ಡಣ್ಣನವರದ್ದು ಇನ್ನೊಂದು ಸಲಹೆ. 'ಒಂದ್ ಬಾಂಡ್ ಪೇಪರ್ ತಂದು ಬಿಡುಗಡೆ ಪತ್ರ ಅಂತ ಬರ್ಕೊಳ್ರಿ, ನೋಟರಿ ಸೀಲ್ ಒತ್ಸಿ, ಮುಗೀತು. ನಮ್ಮ ಕಾಲ್ದಿಂದ್ಲೂ ನಡ್ಕೊಂಡ್ ಬಂದಿರೋದು ಅದೇ.' ಆ ಸೀಲನ್ನು ಬೀರುವಿನಲ್ಲಿಟ್ಟುಕೊಂಡು ತಮಗೆ ಡೈವೋರ್ಸ್ ಆಗಿದೆ ಎಂದು ನಂಬಿ ಇನ್ನೊಂದು ಮದುವೆಯಾದವರು ನಮ್ಮ ಸುತ್ತಮುತ್ತ ಎಷ್ಟು ಜನ ಇದ್ದಾರೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತು ವರ್ಷ ಕಳೆದು ಜಮೀನಿನ ಖಾತೆಗೆ ಹೋದಾಗ ಆ ಎರಡನೆಯ ಮದುವೆಯ ಹೆಂಗಸು ಹೆಂಡತಿಯೇ ಅಲ್ಲ ಎಂದಾಗುತ್ತದೆ. ಜನ ಯಾಕೆ ಹಾಗೆ ಮಾಡುತ್ತಾರೆ, ತಿಳಿವಳಿಕೆ ಇಲ್ಲ ಎಂದು ಶಿಬಿರಗಳಲ್ಲಿ ಬೇಸರಪಡುತ್ತೀರಲ್ಲ, ತಿಳಿದುಕೊಂಡು ನಿಮ್ಮ ಬಳಿ ಬಂದವರ ಗತಿ ಏನಾಯಿತು ನೋಡಿ.

ಈ ಮಧ್ಯೆ ದೊಡ್ಡಣ್ಣನವರ ಬಾಯಿಂದ ಊರಿಗೆ ತಿಳಿಯುವ ಮೊದಲು ನಾವೇ ಅತ್ತೆಗೆ ಹೇಳಬೇಕಾಯಿತು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೇ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

'ಹೋದ್ ವರ್ಷ ಕೊಬ್ಬರಿ ಎಲ್ಲಾ ಮಾರಿ ಅಟ್ಟ ಖಾಲಿ ಆಗಿತ್ತಲ್ಲ' ಎಂದರು. 'ಹೊಸ ಕಾಯಿ ಹಾಕೋ ತನಕ ಅಲ್ಲಿ ಏನಿತ್ತು? ಇಲಿ ಹಿಕ್ಕೆ. ಆಗ್ಲೂ ಇವ್ನು ಟಾರ್ಚ್ ಹಿಡ್ಕೊಂಡು ಹೊಂಟ್ನಲ್ಲ, ಖಾಲಿ ಅಟ್ಟಕ್ಕೆ ಯಾವ್ ಕಳ್ಳ ಬತ್ತಾನ್ಲಾ?'

ಮೂರು ವರ್ಷದ ನಾಟಕದಲ್ಲಿ ನಾವು ಮಾಡಿದ ತಪ್ಪು ಅದೊಂದೇ. ಕೊಬ್ಬರಿ ಮಾರಿದ ಮೇಲೆ ಕಾವಲುಗಾರ ಮನೆಗೆ ಬರಬೇಕು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

'ಗೊತ್ತಿದ್ದೂ ಉಪವಾಸ ಮಾಡಿದ್ರಾ?' ಎಂದೆ.

'ಗೊತ್ತಿದ್ದಕ್ಕೇ ಮಾಡ್ದೆ. ನಾನ್ ಕಂಡಿದ್ದು ಸುಳ್ಳಾಗ್ಲಿ ಅಂತ.' ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದರು. 'ಬುಡು. ದೇವ್ರಿಗೂ ಗೊತ್ತಿತ್ತು, ಅವ್ನೂ ಸುಮ್ಕಿದ್ದ.'

ಇನ್ನೊಂದು ಕಾಯಿ ಕೈಗೆತ್ತಿಕೊಂಡು ಅವರೇ ಅಂದರು: 'ಬಿಡಿಸ್ಕೊಳ್ರಿ. ಆದ್ರೆ ನೀನ್ಯಾಕೆ ಮನೆ ಬಿಟ್ಟು ಹೋಗ್ಬೇಕು? ಅವ್ನು ತೋಟದಲ್ಲೇ ಅವ್ನೆ, ಅಲ್ಲೇ ಇರ್ಲಿ. ನೀನು ನಾನು ಇಲ್ಲಿರಾನ. ಸೊಸೆ ಅಲ್ದಿದ್ರೆ ಊಟ ಇಳಿಯಲ್ವಾ?'

ಮಾನ್ಯರೇ, ಎಲ್ಲೂ ನಿಲ್ಲದ ನಾನು ನಿಂತ ಒಂದೇ ಜಾಗ ಆ ಅಡುಗೆಮನೆ. ನನಗೆ ಗಂಡ ಸರಿಹೋಗಲಿಲ್ಲ, ಅತ್ತೆ ಸರಿಹೋದರು. ಇದಕ್ಕೆ ನಿಮ್ಮ ಕಾನೂನಿನಲ್ಲಿ ಕಲಮು ಇಲ್ಲದಿರಬಹುದು, ನಮ್ಮ ಮನೆಯಲ್ಲಿ ಜಾಗ ಇತ್ತು.

ಎರಡನೆಯ ಸಲ ಅವರೇ ಹೊರಟರು, ಸಾಕ್ಷಿ ಹೇಳುತ್ತೇನೆಂದು, ಮಡಿಕೆ ಬಿಚ್ಚದೆ ಎತ್ತಿಟ್ಟಿದ್ದ ಸೀರೆ ಉಟ್ಟು. ಅಂದು ಆಟೋ ಮಾಡಿಕೊಂಡು ಬಂದೆವು. 'ಯಾರಮ್ಮಾ ನೀವು?' ಎಂದಿರಿ.

'ಇವನ್ ತಾಯಿ. ಇವಳಿಗೆ ಅತ್ತೆ. ನೀವಿನ್ನೂ ಬಿಡಿಸಿಲ್ವಲ್ಲ, ಅತ್ತೇನೇ' ಎಂದರು. ಅಟ್ಟ ಖಾಲಿಯಿದ್ದ ಕಥೆಯನ್ನು ಮೊದಲಿಂದ ಹೇಳಿ, 'ಖಾಲಿ ಅಟ್ಟ ಕಾಯೋ ಗಂಡಸನ್ನ ಎಲ್ಲಾದ್ರೂ ಕಂಡಿದೀಯೇನಪ್ಪಾ? ಇದಕ್ಕಿಂತ ಪುರಾವೆ ಏನ್ ಬೇಕು ನಿಂಗೆ?' ಎಂದರು.

ನೀವು ನಕ್ಕಿರಿ. ನೀವೂ ಇದೇ ಸೀಮೆಯವರು, ಅದಕ್ಕೇ ನಮ್ಮ ಭಾಷೆಯಲ್ಲೇ ಉಪದೇಶ ಕೊಟ್ಟಿರಿ: 'ಅಜ್ಜೀ, ಬುದ್ಧಿ ಹೇಳಿ ಸೇರಿಸ್ಬೇಕಾದವ್ರು ನೀವು. ಕಾಯಿ ಅಟ್ಟದ ಮೇಲೆ ವರ್ಷ ಇರ್ಬೇಕು ತಾನೆ? ಅವಸರ ಬಿದ್ದು ಒಡೆದ್ರೆ ಕೊಬ್ಬರಿ ಚಿಪ್ಪಿಗೆ ಅಂಟ್ಕೊಂಡೇ ಬತ್ತದೆ.'

'ಮೂರು ವರ್ಷ ಆಯ್ತು ಕಣಪ್ಪಾ' ಎಂದರು ಅತ್ತೆ. 'ಕಿವಿ ಹತ್ರ ಹಿಡ್ಕೊಂಡು ಅಲ್ಲಾಡ್ಸಿ ನೋಡು. ಅಲ್ಲಾಡ್ಸಿ ನೋಡ್ದೇನೇ ಹಸಿ ಅಂದ್ರೆ ಹೆಂಗೆ?'

ಮನೆಯವರ ಮಾತು ನಡೆಯುವುದಿಲ್ಲ, ಬೇರೆ ವಿಳಾಸದ ಬಾಡಿಗೆ ಪತ್ರ ತನ್ನಿ, ಒಂದು ವರ್ಷದ್ದು, ಎಂದು ಕಾಗದ ಹೊರಗೆ ತಳ್ಳಿದಿರಿ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇರುವುದೇ ಎಂದು ದೊಡ್ಡ ಕೋರ್ಟು ಹೇಳಿದೆಯಂತೆ, ಫೋನಿನಲ್ಲಿ ಓದಿದೆ ಎಂದೆ. 'ಹಂಗಾದ್ರೆ ಆ ಫೋನಿನ ಕೈಲೇ ಡೈವೋರ್ಸ್ ತಗೋ' ಎಂದಿರಿ. ಓದಿದ್ದು ಎಷ್ಟು ಎಂದೂ ಕೇಳಿದಿರಿ. ಒಂಬತ್ತು ಎಂದಾಗ ನಿಮ್ಮ ಮುಖದಲ್ಲಿ ಮೂಡಿದ್ದನ್ನು ನಾನು ಶಾಲೆಯಲ್ಲಿದ್ದಾಗಲೂ ಕಂಡಿದ್ದೇನೆ. ನಾನು ಓದಿದ್ದು ತಪ್ಪಿದ್ದರೆ ತಪ್ಪು ಎಂದು ಹೇಳಬಹುದಿತ್ತು. ತಪ್ಪು ಎಂದು ನೀವು ಹೇಳಲಿಲ್ಲ, ನೆನಪಿರಲಿ.

ಹಾಗಾಗಿ ನನ್ನ ಬೇಡಿಕೆ ಇ‌ಷ್ಟು. ವಾಪಸ್ಸು ಕಳಿಸುವುದಾದರೆ ಕಾರಣ ಬರೆದು ಸಹಿ ಹಾಕಿ ಕಳಿಸಿ; ಬಾಯಿಮಾತಿನಲ್ಲಿ ತಳ್ಳಿದ್ದನ್ನು ನಾವು ಯಾರಿಗೆ ತೋರಿಸುವುದು? ಇಬ್ಬರೂ ಒಪ್ಪಿದವರಿಗೆ ನಮಗೇ ಅರ್ಥವಾಗುವ ಕನ್ನಡದಲ್ಲಿ ಒಂದು ಅರ್ಜಿ ನಮೂನೆ ಕಿಟಕಿಯಲ್ಲಿಡಿ, ನಾವೇ ತುಂಬುತ್ತೇವೆ. ಅದರಲ್ಲಿ 'ನಮ್ಮ ನಡುವೆ ಜಗಳವಿಲ್ಲ, ಬಾಳಲಾಗಲಿಲ್ಲ' ಎಂದು ಬರೆಯಲು ಜಾಗವಿರಲಿ. ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ, ಅವರ ಮೇಜಿನ ತನಕ ಹೋಗಲು ಬಿಡಿ. ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಲಿ. ಅತ್ತೆಯನ್ನೂ ಕೇಳಲಿ. ಕಾಯಿ ಅಲ್ಲಾಡಿಸಿ ನೋಡುವಷ್ಟು ಹೊತ್ತು ಸಾಕು.

ಅಲ್ಲಿಯ ತನಕ ನಿಮಗೆ ಬೇಕಾದ ಪುರಾವೆಯನ್ನು ನಾನೇ ತಯಾರು ಮಾಡುತ್ತೇನೆ. ಸುಳ್ಳು ಬರೆಸುವುದಿಲ್ಲ ಎಂದ ಮೇಲೆ ಉಳಿದ ದಾರಿ ಅದೊಂದೇ. ತುರುವೇಕೆರೆಯಲ್ಲಿ ಫಾತಿಮಾ ಬೀ ಎಂಬುವರ ಟೈಲರಿಂಗ್ ಅಂಗಡಿಯ ಮೇಲೆ ಒಂದು ರೂಮು ಸಿಕ್ಕಿದೆ, ಅಲ್ಲಿನ ಬಂಕಿನಲ್ಲಿ ಕೆಲಸವೂ ಸಿಕ್ಕಿದೆ. ಬಾಡಿಗೆ ಪತ್ರ ಆಗಿದೆ. ಮೂರು ವರ್ಷ ಬೇರೆ ಇದ್ದದ್ದು ಲೆಕ್ಕಕ್ಕಿಲ್ಲ, ಇನ್ನು ಮೇಲಿನದ್ದಕ್ಕೆ ಲೆಕ್ಕವಂತೆ. ಅತ್ತೆ ಸೋಮವಾರದ ಉಪವಾಸ ಬಿಟ್ಟಿದ್ದಾರೆ. ಆದರೆ ಇವತ್ತು ಸೋಮವಾರವಲ್ಲದಿದ್ದರೂ ಮಧ್ಯಾಹ್ನ ಊಟ ಮಾಡಲಿಲ್ಲ.

ಬೆಳಗ್ಗೆ ಬೈಕಿನಲ್ಲಿ ಬಿಟ್ಟು ಬರುತ್ತೇನೆ ಎಂದು ಯೋಗೀಶ ಹೇಳಿದ. ಬೇಡ ಎಂದೆ, ಯಾರಾದರೂ ನೋಡಿದರೆ ಮತ್ತೆ ಕಷ್ಟ. ನಾಳೆ ಮೊದಲ ಬಸ್ಸಿಗೆ ನಾನೊಬ್ಬಳೇ ಹೋಗುತ್ತಿದ್ದೇನೆ.

ಇಂತಿ,
ಕಾಗದದ ಮೇಲೆ ಇನ್ನೂ ಹೆಂಡತಿಯಾಗಿರುವ
ಕೃತಿಕಾ
ಬಿಳಿಗೆರೆ, ಇವತ್ತಿನ ಮಟ್ಟಿಗೆ